ಶುಕ್ರವಾರ ಎಂದು ಬರೆದ ಗುರುವಾರ

ಕಳೆದ ತಿಂಗಳು ಕಣ್ಣಿನ ಪರೀಕ್ಷೆಗೆಂದು ಮಗಳು ನನ್ನನ್ನು ಅಬುಧಾಬಿಯ ಖಾಲಿದಿಯಾಕ್ಕೆ ಕರೆದುಕೊಂಡು ಹೋದಳು. ಕಟ್ಟಡದ ಹೆಸರು ಬದಲಾಗಿತ್ತು. ಕೆಳಗಿದ್ದ ದರ್ಜಿಯಂಗಡಿಯ ಜಾಗಕ್ಕೆ ಮೊಬೈಲ್ ಅಂಗಡಿ ಬಂದಿತ್ತು. ಹಾಗಾಗಿ ಒಳಗೆ ಹೋಗುವವರೆಗೂ ನನಗೆ ಗುರುತು ಹತ್ತಲಿಲ್ಲ. ಲಿಫ್ಟಿನ ಬಾಗಿಲು ತೆರೆದಾಗ ಬಖೂರಿನ ವಾಸನೆ ಬಂತು. ಕೆಂಡದ ಮೇಲೆ ಉದುರಿಸಿ ಬಟ್ಟೆಗೆ ಹೊಗೆ ಹಿಡಿಸಿಕೊಳ್ಳುವ ಆ ಸುಗಂಧ ಇಲ್ಲಿನ ಯಾವ ಲಿಫ್ಟಿನಲ್ಲಿಯೂ ಸಿಗುವಂಥದ್ದೇ. ಇಲ್ಲಿ ಮಾತ್ರ ಅದರೊಂದಿಗೆ ಹಳೆಯ ಏಸಿಯ ತೇವದ ವಾಸನೆ ಬೆರೆತಿತ್ತು. ಕಣ್ಣಿನ ಆಸ್ಪತ್ರೆ ಮೂರನೆಯ ಮಹಡಿಯಲ್ಲಿದೆ. ನನ್ನ ಬೆರಳು ತಾನಾಗಿ ಆರನ್ನು ಒತ್ತಿತು.

ಆರನೆಯ ಮಹಡಿಯಲ್ಲಿ ನಾನು 2024ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೆಲಸ ಮಾಡಿದ್ದೆ. ಜುಲೈ ಎಂದು ಮೊದಲು ಬರೆದು, ವಿಮಾನದ ಟಿಕೆಟ್ ನೋಡಿದ ಮೇಲೆ ಈ ವಾಕ್ಯವನ್ನು ತಿದ್ದಿದ್ದೇನೆ. ಪಶ್ಚಿಮ ಏಷ್ಯಾದ ಆಧುನಿಕ ಇತಿಹಾಸ ನನ್ನ ಕ್ಷೇತ್ರ. ಮೈಸೂರಿನಲ್ಲಿ ನಿವೃತ್ತಳಾಗಿ, ದುಬೈ ಸಿಲಿಕಾನ್ ಓಯಸಿಸ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೆ. ವೀಸಾ ಮಗಳ ಆಶ್ರಯದ್ದು, ಅದರ ಮೇಲೆ ಅರೆಕಾಲಿಕ ಕೆಲಸದ ಪರವಾನಗಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ ಈ ಸಂಶೋಧನಾ ಕಚೇರಿಯ ಪರಿಚಯವಾಯಿತು. ನಿರ್ದೇಶಕರು ಲೆಬನಾನಿನವರು, ಹೆಸರು ನಬೀಲ್. ಮಾತು ಕಡಿಮೆ, ವಿನಯ ಹೆಚ್ಚು.

ಕೆಲಸ ಇಷ್ಟು: ಅದು ಅಮೆರಿಕದ ಚುನಾವಣೆಯ ವರ್ಷ. ಪೂರ್ವ ಕರಾವಳಿಯ ಒಂದು ರಾಜ್ಯದಲ್ಲಿ ಸೆನೆಟ್ ಸ್ಥಾನಕ್ಕೆ ಬಿರುಸಿನ ಸ್ಪರ್ಧೆ ನಡೆದಿತ್ತು. ಅಲ್ಲಿನ ಯಹೂದಿ ಮತದಾರರನ್ನು ಒಲಿಸಿಕೊಳ್ಳಲು ಅಭ್ಯರ್ಥಿಗಳು ವಿದೇಶಾಂಗ ನೀತಿಯ ಕುರಿತು ಯಾವ ದಿನ, ಯಾವ ಸಭೆಯಲ್ಲಿ, ಏನು ಹೇಳಿದರು ಎಂಬ ಕಾಲಾನುಕ್ರಮದ ಪಟ್ಟಿಯನ್ನು ನಾವು ಸಿದ್ಧಪಡಿಸಬೇಕಿತ್ತು. ಗಾಜಾ ಯುದ್ಧ ಆರಂಭವಾಗಿ ವರ್ಷ ತುಂಬುತ್ತಿದ್ದ ಕಾಲ. ಇಸ್ರೇಲಿಗೆ ಕೊಡುವ ಶಸ್ತ್ರಾಸ್ತ್ರಕ್ಕೆ ಷರತ್ತು ಇರಬೇಕೇ ಬೇಡವೇ ಎಂಬ ಒಂದು ಪ್ರಶ್ನೆಗೆ ಆ ಅಭ್ಯರ್ಥಿಗಳು ಕೊಡುವ ಉತ್ತರ ಈ ಪ್ರದೇಶದ ಕೆಲವರಿಗೆ ಬೇಕಾಗಿತ್ತು. ವರದಿಯನ್ನು ಕೇಳಿದ್ದ ಸಂಸ್ಥೆ ಯಾವುದೆಂದು ನಮಗೂ ಹೇಳಿರಲಿಲ್ಲ. ವರದಿ ಗೋಪ್ಯವಾದದ್ದು, ಆದ್ದರಿಂದ ಅಭ್ಯರ್ಥಿಯ ಹೆಸರನ್ನಾಗಲಿ ತಾರೀಖುಗಳನ್ನಾಗಲಿ ಇಲ್ಲಿ ಕೊಡುವಂತಿಲ್ಲ. ವಾರದ ದಿನಗಳನ್ನು ಕೊಡಬಹುದು. ಈ ಬರಹಕ್ಕೆ ಅಷ್ಟು ಸಾಕು.

ಪಟ್ಟಿಯನ್ನು ತಯಾರಿಸುತ್ತಿದ್ದವಳು ಲವೀನಾ. ಕಾರ್ಕಳದ ಕಡೆಯ ಕೊಂಕಣಿ ಕ್ರೈಸ್ತರ ಮನೆಯ ಹುಡುಗಿ, ಮೂವತ್ತರ ಆಸುಪಾಸು. ಗಂಡ ಶಾರ್ಜಾದ ಹೋಟೆಲೊಂದರಲ್ಲಿ ಅಡುಗೆಯವರು, ಹೋಟೆಲಿನವರು ಕೊಟ್ಟ ಕೋಣೆಯಲ್ಲಿ ಇತರ ಐವರೊಂದಿಗೆ ವಾಸ. ಇವಳು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಇನ್ನಿಬ್ಬರು ಹೆಂಗಸರಿದ್ದ ಕೋಣೆಯಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದು ಮಂಚದ ಜಾಗ, ಹಿಡಿದಿದ್ದಳು. ಅಲ್ಲಿನ ವಸತಿ ಸಾಲುಗಳಿಗೆ ದೇಶಗಳ ಹೆಸರುಗಳಿವೆ. ಮೊದಲ ದಿನ ನಾನು ವಿಚಾರಿಸಿದಾಗ ಅವಳು, “ಗಂಡ ಶಾರ್ಜಾದಲ್ಲಿ, ನಾನು ಫ್ರಾನ್ಸ್‌ನಲ್ಲಿ ಮೇಡಂ. ಮದುವೆಯಾಗಿ ಮೂರು ವರ್ಷ ಆಯ್ತು, ಒಂದು ದೇಶದಲ್ಲಿ ಇರ್ಲಿಕ್ಕೆ ಇನ್ನೂ ಆಗ್ಲಿಲ್ಲ” ಎಂದು ನಕ್ಕಿದ್ದಳು. ಅವಳ ಆರು ತಿಂಗಳ ಪರೀಕ್ಷಾ ಅವಧಿ ಅಕ್ಟೋಬರ್ ಕೊನೆಗೆ ಮುಗಿಯುವುದಿತ್ತು. ಕೆಲಸ ಖಾಯಂ ಆದ ಪತ್ರ ಕೈಗೆ ಬಂದರೆ ಅದೇ ಫ್ರಾನ್ಸ್ ಸಾಲಿನಲ್ಲಿ ಗಂಡಹೆಂಡಿರು ಒಂದೇ ಕೋಣೆಯ ಸ್ಟುಡಿಯೊ ಮನೆ ಹಿಡಿಯುವುದೆಂದು ಗೊತ್ತುಮಾಡಿಕೊಂಡಿದ್ದರು. ಮನೆಯನ್ನು ನೋಡಿಯೂ ಆಗಿತ್ತು. ಪತ್ರ ಬಾರದಿದ್ದರೆ ವೀಸಾ ರದ್ದಾಗುತ್ತಿತ್ತು.

ಕಚೇರಿಯ ಆಡಳಿತ ನೋಡಿಕೊಳ್ಳುತ್ತಿದ್ದವರು ಅಶ್ರಫ್, ಉಳ್ಳಾಲದ ಬ್ಯಾರಿ. ಅವರ ಮನೆಯೂ ದುಬೈಯಲ್ಲಿ. ವಾರದಲ್ಲಿ ನಾಲ್ಕು ದಿನ ನನ್ನನ್ನೂ ಲವೀನಾಳನ್ನೂ ತಮ್ಮ ಕಾರಿನಲ್ಲಿ ಅಬುಧಾಬಿಗೆ ಕರೆದೊಯ್ಯುತ್ತಿದ್ದರು. ಶುಕ್ರವಾರ ನಾವೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಿದ್ದೆವು. ಸೆಪ್ಟೆಂಬರಿನ ಸೆಕೆ ಎಂಥದೆಂದರೆ, ಕಟ್ಟಡದಿಂದ ಹೊರಗೆ ಬಂದೊಡನೆ ಕನ್ನಡಕಕ್ಕೆ ಮಂಜು ಹಿಡಿದು ಕಾರಿನ ಬಾಗಿಲು ಯಾವ ಕಡೆ ಎಂದು ತಡಕಾಡಬೇಕಾಗುತ್ತಿತ್ತು. ಒಳಗೆ ಕುಳಿತ ಮೇಲೆ ಒಂದೂವರೆ ಗಂಟೆ ಮಾತೇ ಕೆಲಸ. ಯುದ್ಧದ ಸುದ್ದಿ ಬಂದರೆ ಅಶ್ರಫ್ ರೇಡಿಯೊ ಆರಿಸುತ್ತಿದ್ದರು. ಆ ವಿಷಯವನ್ನು ಮೂವರೂ ಆಡುತ್ತಿರಲಿಲ್ಲ. ಆಡುತ್ತಿದ್ದದ್ದು ಪಟ್ಟಿಯ ವಿಷಯ.

ಒಂದು ದಿನ ನಾನು ಯಹೂದಿ ಮತದಾರರಿಗೆ ಹಂಚಿದ ಕರಪತ್ರಗಳ ಒಂದು ಕಟ್ಟನ್ನು ಓದಿ ಮುಗಿಸಿ, ಎಲ್ಲದರಲ್ಲಿಯೂ ಇಸ್ರೇಲ್ ಬಿಟ್ಟು ಎರಡನೆಯ ವಿಷಯವೇ ಇಲ್ಲವೆಂದು ಹೇಳಿದೆ. ಅಶ್ರಫ್‌ಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. “ನಮ್ಮ ಊರಿನ ಲೀಡರ್‌ಗಳು ಇಲ್ಲಿಗೆ ಬಂದ್ರೆ ಎಂತ ಮಾತಾಡ್ತಾರೆ ಟೀಚರ್? ಮಂಗಳೂರು ಫ್ಲೈಟ್. ನನ್ನ ಮನೆ ಎದುರು ಸಮುದ್ರ ರಸ್ತೆ ತಿಂದು ಆಯ್ತು, ಅದನ್ನು ಯಾರೂ ಕೇಳುದಿಲ್ಲ. ಗಲ್ಫಿನವ ಅಂದ್ರೆ ಫ್ಲೈಟ್, ಯಹೂದಿ ಅಂದ್ರೆ ಇಸ್ರೇಲ್. ಓಟಿಗೆ ಬರುವವರಿಗೆ ಒಂದು ಬಾಗಿಲು ಗೊತ್ತಿದ್ರೆ ಸಾಕು, ಯಲ್ಲಾ, ಅದನ್ನೇ ಬಡಿಯುದು.” ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ನಮ್ಮ ವರದಿಯಲ್ಲಿ ಬಳಸಿದ ಎಷ್ಟೋ ವಾಕ್ಯಗಳಿಗಿಂತ ಅದು ನಿಖರವಾಗಿತ್ತು.

ಆಗಸ್ಟ್‌ನ ಕೊನೆಯ ವಾರದಲ್ಲಿಯೇ ಲವೀನಾ ಒಂದು ಪ್ರಶ್ನೆ ಎತ್ತಿದ್ದಳು. ನಮ್ಮ ಆಕರಗಳು ಎರಡು ಬಗೆಯವು. ಅಭ್ಯರ್ಥಿಯ ಕಚೇರಿ ಹೊರಡಿಸಿದ ಲಿಖಿತ ಹೇಳಿಕೆಗಳ ತಲೆಯಲ್ಲಿ ಅಲ್ಲಿನ ತಾರೀಖು ಅಚ್ಚಾಗಿರುತ್ತಿತ್ತು. ಸಭೆಗಳ ನೇರ ಪ್ರಸಾರದ ವಿಡಿಯೊಗಳಿಗೆ ಮಾತ್ರ ಕಂಪ್ಯೂಟರ್ ಇಲ್ಲಿನ ಗಡಿಯಾರಕ್ಕೆ ಹೊಂದಿಸಿದ ತಾರೀಖನ್ನು ತೋರಿಸುತ್ತಿತ್ತು. ನಾವು ಅವರಿಗಿಂತ ಎಂಟು ಗಂಟೆ ಮುಂದೆ. ಅಲ್ಲಿ ಸಂಜೆ ನಡೆದ ಸಭೆ ಇಲ್ಲಿ ಮರುದಿನದ್ದಾಗುತ್ತಿತ್ತು. ಒಂದು ದಿನ ಹಿಂದೆ ಹಾಕಿ ಬರೆಯಲೇ ಎಂದು ಅವಳು ಕೇಳಿದಳು. ಬೇಡ, ಕಂಡದ್ದನ್ನು ಕಂಡಂತೆ ದಾಖಲಿಸಿ, ಆಕರವನ್ನು ತಿದ್ದುವ ಅಧಿಕಾರ ನಮಗಿಲ್ಲ ಎಂದು ಹೇಳಿದೆ. ಶಾಸನವನ್ನೋ ಹಳೆಯ ಪತ್ರವನ್ನೋ ಓದುವಾಗ ಆ ನಿಯಮ ಸರಿಯೇ. ನಲವತ್ತು ವರ್ಷ ನಾನು ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸಿದ್ದೆ. ವಿಡಿಯೊದ ಮೇಲಿನ ತಾರೀಖು ಆಕರದ್ದಲ್ಲ, ನಮ್ಮದೇ ಮೇಜಿನದ್ದು ಎಂಬುದನ್ನು ಅವಳು ಕಂಡಿದ್ದಳು. ನಾನು ಕಂಡಿರಲಿಲ್ಲ.

ಅಕ್ಟೋಬರಿನಲ್ಲಿ ಪಟ್ಟಿಗೆ ಎರಡು ನಮೂದುಗಳು ಅಕ್ಕಪಕ್ಕ ಬಂದವು. ಗುರುವಾರ: ಅಭ್ಯರ್ಥಿಯ ಲಿಖಿತ ಹೇಳಿಕೆ, ಇಸ್ರೇಲಿನ ನೆರವಿಗೆ ಯಾವ ಷರತ್ತೂ ಸಲ್ಲದು. ಶುಕ್ರವಾರ: ಯಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್ ಒಂದರ ಸಭಾಂಗಣದಲ್ಲಿ ಅದೇ ಅಭ್ಯರ್ಥಿಯ ಮಾತು, ನೆರವು ಇರಲಿ, ಆದರೆ ಷರತ್ತಿನೊಂದಿಗೆ ಇರಲಿ. ಹದಿನೈದು ದಿನಗಳಿಂದ ಹುಡುಕುತ್ತಿದ್ದ ತಿರುವು ಸಿಕ್ಕಿತೆಂದು ನನಗೆ ಅನ್ನಿಸಿತು. ಒಂದೇ ದಿನದಲ್ಲಿ ಮನುಷ್ಯ ಮೆತ್ತಗಾಗಿದ್ದಾನೆ, ಅದೂ ಯಹೂದಿ ಮತದಾರರ ಎದುರಿಗೇ. ವರದಿಯ ಸಾರಾಂಶವನ್ನು ಆ ತಿರುವಿನ ಮೇಲೆಯೇ ಕಟ್ಟಿದೆ. ಅವನ ನಿಲುವು ಷರತ್ತಿನ ಕಡೆಗೆ ಸರಿಯುತ್ತಿದೆ ಎಂದು ಬರೆದೆ. ಮಂಗಳವಾರ ನಿರ್ದೇಶಕರು ವರದಿಯನ್ನು ಕಳುಹಿಸಿದರು. ಅತ್ತಲಿಂದ ಸಂತೋಷದ ಉತ್ತರ ಬಂತು.

ಶುಕ್ರವಾರ, ಸಿನಗಾಗ್, ಸಂಜೆಯ ಸಭೆ ಎಂಬ ಪದಗಳು ಒಂದೇ ಸಾಲಿನಲ್ಲಿದ್ದವು. ಓದಿದ ನಮ್ಮಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಗಲ್ಫಿನ ನಮ್ಮವರಿಗೆ ಸಭೆ, ಸನ್ಮಾನ, ನಾಟಕ, ಪೂಜೆ, ಸಂಘದ ಚುನಾವಣೆ ಎಲ್ಲವೂ ಶುಕ್ರವಾರವೇ. ಯುಎಇ ವಾರಾಂತ್ಯವನ್ನು 2022ರ ಜನವರಿಯಿಂದ ಶನಿವಾರ ಭಾನುವಾರಕ್ಕೆ ಸರಿಸಿತು, ಇದನ್ನು ಪುನಃ ಪರಿಶೀಲಿಸಿದ್ದೇನೆ. ಆದರೂ ಸಭೆ ಎಂದರೆ ಶುಕ್ರವಾರ ಎಂಬ ಎಣಿಕೆ ಜನರ ತಲೆಯಿಂದ ಹೋಗಿರಲಿಲ್ಲ. ಮಗಳ ಮನೆಗೆ ವರ್ಷವರ್ಷವೂ ಬಂದುಹೋಗುತ್ತಿದ್ದ ನನಗೂ ಅದು ಅಂಟಿತ್ತು. ಯಂತ್ರಗಳನ್ನೂ ಮುಟ್ಟದ ಯಹೂದಿಗಳ ವಿಶ್ರಾಂತಿಯ ದಿನ, ಸಬ್ಬತ್, ಶುಕ್ರವಾರ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆಂದು ನಾನು ಎಷ್ಟು ಬಾರಿ ಬರೆದಿರುವೆನೋ ಲೆಕ್ಕವಿಲ್ಲ.

ಬುಧವಾರ ಬೆಳಿಗ್ಗೆ ನೇಥನ್ ಬಂದರು. ಕಡಲ ನೀರನ್ನು ಸಿಹಿನೀರು ಮಾಡುವ ಸ್ಥಾವರಗಳಲ್ಲಿ ಬಹುಕಾಲ ಕೆಲಸ ಮಾಡಿ ದುಬೈಯಲ್ಲಿಯೇ ನೆಲೆಸಿದ್ದ ಅಮೆರಿಕನ್ ಎಂಜಿನಿಯರ್. ಯಹೂದಿ, ಅದೇ ರಾಜ್ಯದ ಮತದಾರ, ಅಂಚೆಯ ಮೂಲಕ ಮತ ಹಾಕುತ್ತಿದ್ದವರು. ವರದಿಯ ಎರಡನೆಯ ಭಾಗಕ್ಕೆ ಅಂಥವರನ್ನು ಕಂಡು ಮಾತಾಡಿಸುವ ಯೋಜನೆಯಿತ್ತು. ಲವೀನಾ ಚಹಾ ತರಿಸಿದಳು. ನಾನು ಆ ಪುಟವನ್ನು ಅವರ ಮುಂದಿಟ್ಟು ಈ ತಿರುವಿನ ಬಗ್ಗೆ ಅಭಿಪ್ರಾಯ ಕೇಳಿದೆ. ಅವರು ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿದರು.

“ಪ್ರೊಫೆಸರ್, ಆ ಸಿನಗಾಗ್ ನನ್ನ ತಂಗಿ ಹೋಗುವಂಥದ್ದು. ಶುಕ್ರವಾರ ಸಂಜೆ ಅಲ್ಲಿ ಮೈಕು, ಕ್ಯಾಮರಾ, ಅಭ್ಯರ್ಥಿ? ನನ್ನ ತಂಗಿ ಅವನನ್ನು ಸೌಟು ಹಿಡಿದು ಅಟ್ಟುತ್ತಿದ್ದಳು.”

ಅವರ ಫೋನಿನಲ್ಲಿ ತಂಗಿಯ ಸಂದೇಶವಿತ್ತು. ಸಭೆ ನಡೆದದ್ದು ಅಲ್ಲಿನ ಗುರುವಾರ ಸಂಜೆ ಏಳೂವರೆಗೆ, ಇಲ್ಲಿ ಶುಕ್ರವಾರ ನಸುಕಿನ ಮೂರೂವರೆ. ಸಭಿಕರು ಮೊದಲು ಶಾಲೆಯ ಕಾವಲಿನ ಬಗ್ಗೆ ಕೇಳಿದರು, ಆಮೇಲೆ ಔಷಧದ ಬೆಲೆಯ ಬಗ್ಗೆ. ಕೊನೆಗೆ ಮೊಮ್ಮಗನನ್ನು ಇಸ್ರೇಲಿನ ಸೈನ್ಯಕ್ಕೆ ಕಳುಹಿಸಿದ್ದ ಒಬ್ಬ ಅಜ್ಜಿ ಯುದ್ಧದ ಮಾತು ತೆಗೆದರು. ಅಭ್ಯರ್ಥಿ ಷರತ್ತಿನ ಮಾತು ಹೇಳಿದಾಗ ಕೆಲವರು ಎದ್ದು ಹೋದರು, ಕೆಲವರು ಚಪ್ಪಾಳೆ ತಟ್ಟಿದರು, ಬಹುಪಾಲು ಜನ ಕಾಫಿಗೆ ಉಳಿದರು. ಷರತ್ತು ಸಲ್ಲದು ಎಂಬ ಲಿಖಿತ ಹೇಳಿಕೆ ಹೊರಬಿದ್ದದ್ದು ಇದಾದ ಎರಡು ಗಂಟೆಯ ಮೇಲೆ. ಅಂದರೆ ಅಭ್ಯರ್ಥಿ ಮೆತ್ತಗಾಗಿರಲಿಲ್ಲ, ಬಿಗಿಯಾಗಿದ್ದ. ಸಭೆಯಲ್ಲಿ ಯಾರೂ ಕೇಳದಿದ್ದ ಬಿಗಿತ ಅದು. “ನಮ್ಮ ಜನ ಅವನನ್ನು ಹೆದರಿಸಲಿಲ್ಲ, ನಮ್ಮ ಜನರ ಬಗ್ಗೆ ಅವನ ಕಚೇರಿ ಕಲ್ಪಿಸಿಕೊಂಡದ್ದು ಹೆದರಿಸಿತು” ಎಂದರು ನೇಥನ್. ನೀವು ಯಾರಿಗೆ ಮತ ಹಾಕುತ್ತೀರಿ ಎಂದು ನಾನು ಕೇಳಲಿಲ್ಲ. ಹಾಕಿ ಆಗಿದೆ ಎಂದಷ್ಟೇ ಅವರು ತಾವಾಗಿ ಹೇಳಿದರು.

ವರದಿಯ ಸಾರಾಂಶ ತಲೆಕೆಳಗಾಗಿತ್ತು. ಅವರು ಹೋದ ಮೇಲೆ ಲವೀನಾ ಚಹಾದ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತ ನಿಂತಿದ್ದಳು. ನಾನು ನಿರ್ದೇಶಕರ ಕೋಣೆಗೆ ಹೋಗಿ ಪಟ್ಟಿಯಲ್ಲಿ ತಾರೀಖು ತಪ್ಪಾಗಿದೆ, ಸಾರಾಂಶ ನಿಲ್ಲುವುದಿಲ್ಲ ಎಂದೆ. ಅವರು ಪಟ್ಟಿ ಮಾಡಿದವರು ಯಾರು ಎಂದು ಕೇಳಿದರು. ಲವೀನಾ ಎಂದೆ.

ಉತ್ತರ ಸತ್ಯವಾಗಿತ್ತು. ಅದಕ್ಕೆ ಸೇರಿಸಬೇಕಾಗಿದ್ದ ಇನ್ನೊಂದು ವಾಕ್ಯವನ್ನು ನಾನು ಆಗ ಸೇರಿಸಲಿಲ್ಲ. ನಾನೇ ಆ ಸೂಚನೆ ಕೊಟ್ಟಿದ್ದೆನೆಂಬ ನೆನಪು ಇತ್ತು. ಆದರೆ ಯಾವ ಮಾತುಗಳಲ್ಲಿ ಕೊಟ್ಟೆ, ಅವಳು ಸಮಯದ ವ್ಯತ್ಯಾಸದ ಪ್ರಶ್ನೆ ಎತ್ತಿದ್ದು ಅದಕ್ಕೆ ಮೊದಲೋ ಆಮೇಲೋ ಎಂಬುದು ಖಚಿತವಿರಲಿಲ್ಲ. ಖಚಿತವಿಲ್ಲದ್ದನ್ನು ಹೇಳಬಾರದೆಂದು ನನಗೆ ನಾನೇ ಹೇಳಿಕೊಂಡೆ. ಟಿಪ್ಪಣಿ ಪುಸ್ತಕ ನೋಡಿ ನಾಳೆ ಹೇಳಿದರಾಯಿತು ಎಂದುಕೊಂಡೆ. ಅಂದು ಸಂಜೆ ಸೆಪ್ಟೆಂಬರಿನ ಪುಸ್ತಕ ತಿರುವಿದೆ, ಸಿಗಲಿಲ್ಲ. ಗುರುವಾರ ಕಚೇರಿಯಲ್ಲಿ ಕುಳಿತಿದ್ದರೂ ಮನಸ್ಸು ಮನೆಯಲ್ಲಿದ್ದ ಉಳಿದ ಪುಸ್ತಕಗಳ ಮೇಲಿತ್ತು. ಮಧ್ಯಾಹ್ನ ಮೂರಕ್ಕೆ, ಒಂದು ತಾರೀಖು ಹುಡುಕಬೇಕಿದೆ, ಕಾರಿಗೆ ಕಾಯುವುದಿಲ್ಲ ಎಂದು ಅಶ್ರಫ್‌ಗೆ ತಿಳಿಸಿ, ದುಬೈಯ ಬಸ್ಸು ಹಿಡಿದು ಹೊರಟುಬಿಟ್ಟೆ. ಪುಸ್ತಕಗಳ ಪೆಟ್ಟಿಗೆಯನ್ನು ಮಗಳು ಬಾಲ್ಕನಿಯ ಕಪಾಟಿನ ಮೇಲೆ ಇಟ್ಟಿದ್ದಳು. ಅದನ್ನು ಇಳಿಸಿಕೊಡಲು ಅವಳು ಬಂದದ್ದು ರಾತ್ರಿ ಊಟದ ವೇಳೆಗೆ. ಮೊಮ್ಮಗಳು ಬಂದು, ಏನು ಹುಡುಕುತ್ತಿದ್ದೀ ಅಜ್ಜಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಒಂದು ತಾರೀಖು ಎಂದೆ.

ಶುಕ್ರವಾರ ಬೆಳಿಗ್ಗೆ ಆಗಸ್ಟ್ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಸಿಕ್ಕಿತು, ನನ್ನದೇ ಅಕ್ಷರ: “ವಿಡಿಯೊ: ಪರದೆಯ ಮೇಲಿನ ತಾರೀಖು. ಲ. ಕೇಳಿದಳು, ಸಮಯ ವ್ಯತ್ಯಾಸ? ಬೇಡ ಎಂದೆ.” ಕೆಳಗೆ ದಿನ, ತಿಂಗಳು, ವರ್ಷ ಎಲ್ಲವೂ ಇತ್ತು. ಅನುಮಾನಕ್ಕೆ ಎಡೆಯಿರಲಿಲ್ಲ. ಅದನ್ನು ಓದುತ್ತಿರುವಾಗಲೇ ಅಶ್ರಫ್‌ರ ಸಂದೇಶ ಬಂತು. ನಿನ್ನೆ ಸಂಜೆ ಲವೀನಾಗೆ ಪತ್ರ ಕೊಟ್ಟರು, ಖಾಯಂ ಮಾಡುವುದಿಲ್ಲವಂತೆ, ಹದಿನಾಲ್ಕು ದಿನದ ನೋಟಿಸು. ನಾನು ನಿರ್ದೇಶಕರಿಗೆ ಕರೆ ಮಾಡಿದೆ, ತೆಗೆದುಕೊಳ್ಳಲಿಲ್ಲ. ಶುಕ್ರವಾರದ ಮಧ್ಯಾಹ್ನ ದಾಟಿದರೆ ಇಲ್ಲಿ ಕಚೇರಿಗಳು ಸೋಮವಾರಕ್ಕೇ ತೆರೆಯುವುದು. ಮಿಂಚಂಚೆ ಬರೆಯಬಹುದಿತ್ತು. ಎದುರಿಗೆ, ಪುಸ್ತಕ ತೋರಿಸಿಯೇ ಹೇಳುವುದು ಸರಿಯೆಂದು ಬಗೆದೆ. ಲವೀನಾಳಿಗೆ ಕರೆ ಮಾಡಲಿಲ್ಲ. ಏಕೆಂಬುದಕ್ಕೆ ಪುಸ್ತಕದಲ್ಲಿ ಯಾವ ಟಿಪ್ಪಣಿಯೂ ಇಲ್ಲ.

ಸೋಮವಾರ ಬೆಳಿಗ್ಗೆ ಸೆಕೆ ಮುರಿದಿತ್ತು. ಆ ವರ್ಷ ಮೊದಲ ಬಾರಿಗೆ ಅಶ್ರಫ್ ಕಾರಿನ ಗಾಜು ಇಳಿಸಿದ್ದರು. ಲವೀನಾ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು. ಅರ್ಧ ದಾರಿಯಾದ ಮೇಲೆ ಅಶ್ರಫ್ ಕನ್ನಡಿಯಲ್ಲಿ ನನ್ನನ್ನು ನೋಡಿದರು.

“ಡೇಟ್ ಸಿಕ್ತಾ ಟೀಚರ್?”

ಸಿಕ್ಕಿತು ಎಂದೆ. ಅವರು ಗಾಜು ಏರಿಸಿದರು.

ನಿರ್ದೇಶಕರು ಪುಸ್ತಕದ ಹಾಳೆಯನ್ನು ನೋಡಿದರು. ಕನ್ನಡ ಬಾರದಿದ್ದರೂ ತಾರೀಖಿನ ಅಂಕಿಗಳು ತಿಳಿದವು, ಉಳಿದದ್ದನ್ನು ನಾನು ಓದಿ ಹೇಳಿದೆ. ತಿದ್ದುಪಡಿಯ ಪುಟದಲ್ಲಿ ಟೈಪಿಂಗ್ ದೋಷ ಎಂದು ಹಾಕಿಬಿಡೋಣ ಎಂದರು. ಈ ವರದಿಯನ್ನು ಕೊಂಡವರು ನನ್ನ ಹೆಸರು ನೋಡಿ ಕೊಂಡವರು, ಆ ಹೆಸರಿಗೆ ಕುಂದು ಬಂದರೆ ಎರಡನೆಯ ಭಾಗ ಬೇಡವೆನ್ನಬಹುದು ಎಂದು ವಿವರಿಸಿದರು. ಅವರ ಎಣಿಕೆ ತಪ್ಪಾಗಿರಲಿಲ್ಲ, ಮುಂದೆ ಆದದ್ದೂ ಹಾಗೆಯೇ. ನಾನು ಅಲ್ಲಿಯೇ ಕುಳಿತು, ತಾರೀಖಿನ ನಿಯಮ ನನ್ನದು, ಸಹಾಯಕರು ಎಚ್ಚರಿಸಿದ್ದರೂ ನಾನು ಒಪ್ಪಲಿಲ್ಲ ಎಂದು ಎರಡು ವಾಕ್ಯ ಬರೆದು ಸಹಿ ಮಾಡಿದೆ. ಅವರು ಸಹಿಯನ್ನು ನೋಡಿ, ಲವೀನಾಳ ಪತ್ರವನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ಮಧ್ಯಾಹ್ನದೊಳಗೆ ಹೊಸ ಪತ್ರ ಸಿದ್ಧವಾಯಿತು. ಅವಳು ಒಳಗೆ ಹೋಗಿ ಐದು ನಿಮಿಷದಲ್ಲಿ ಹೊರಬಂದಳು. ಕೈಯಲ್ಲಿ ಪತ್ರವಿರಲಿಲ್ಲ.

ಸಂಜೆ ಕಾರಿನಲ್ಲಿ ಕೇಳಿದೆ. ಶನಿವಾರವೇ ಸಿಲಿಕಾನ್ ಓಯಸಿಸ್‌ನ ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸಂದರ್ಶನ ಕೊಟ್ಟು ಒಪ್ಪಿಕೊಂಡು ಬಂದಿದ್ದಳಂತೆ. ಸಂಬಳ ಕಡಿಮೆ. ಸ್ಟುಡಿಯೊ ಮನೆಯವನಿಗೆ ಬೇಡವೆಂದು ಹೇಳಿ ಆಗಿತ್ತು. ಅದು ಭಾನುವಾರ ಬೇರೆಯವರಿಗೆ ಹೋಗಿತ್ತು. ಹೊಸ ಪತ್ರವನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದೆ.

“ಅಲ್ಲಿ ಮಾತು ಕೊಟ್ಟು ಆಯ್ತಲ್ಲ ಮೇಡಂ. ಮತ್ತೆ ಇಲ್ಲಿ ನಾಳೆ ಇನ್ನೊಂದು ತಪ್ಪಾದ್ರೆ ಪುನಃ ನೀವು ಹುಡುಕುವವರೆಗೆ ನನಗೆ ಕಾಯ್ಲಿಕ್ಕೆ ಆಗುದಿಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ವೇಳೆ ಹೇಳುವಂತೆ ಹೇಳಿದಳು.

ನಿಯಮ ನನ್ನದೆಂದು ನೀನೇ ಅವರಿಗೆ ಹೇಳಬಹುದಿತ್ತಲ್ಲ ಎಂದೆ. ಅದುವರೆಗೆ ನಾನು ಅವಳನ್ನು ನೀವು ಎನ್ನುತ್ತಿದ್ದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. “ಗುರುವಾರ ಲೆಟರ್ ಕೊಡುವಾಗ ಸರ್ ಕೇಳಿದ್ರು ಮೇಡಂ, ನಿನಗೆ ಎಂತಾದ್ರೂ ಹೇಳ್ಲಿಕ್ಕೆ ಉಂಟಾ ಅಂತ. ನೀವು ಇದ್ರೆ ನಿಮ್ಮ ಎದುರೇ ಹೇಳುವ ಅಂತ ಹೊರಗೆ ಬಂದು ನೋಡಿದೆ. ನೀವಿಲ್ಲದಾಗ ನಿಮ್ಮ ಮೇಲೆ ಹೇಳುದು ಸರಿ ಕಾಣ್ಲಿಲ್ಲ. ಇಲ್ಲ ಸರ್ ಅಂದೆ.”

ಫ್ರಾನ್ಸ್ ಸಾಲಿನ ಮುಂದೆ ಅಶ್ರಫ್ ಕಾರು ನಿಲ್ಲಿಸಿದರು. ಅವಳು ಬರ್ತೇನೆ ಎಂದು ಇಬ್ಬರಿಗೂ ಹೇಳಿ ಇಳಿದುಹೋದಳು. ಅವಳಿಗೆ ಪತ್ರ ಕೊಟ್ಟದ್ದು ನಾಲ್ಕು ಗಂಟೆಗೆ ಎಂದು ಅಶ್ರಫ್ ದಾರಿಯಲ್ಲಿ ಹೇಳಿದರು. ಆ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ.